ಪತ್ರಿಕೆಯಲ್ಲಿ ಷೇರಿದ್ದರೆ ಯೂನಿಯನ್ ಯಾಕೆ?

ಮಲ್ನಾಡ್ ಮಾಣಿ: ಪತ್ರಿಕೆ ನೌಕರರದ್ದೇ ಆದಮೇಲೆ ವರದಿಗಾರರು ಯೂನಿಯನ್ ಕಟ್ಟುವುದು ಯಾರ ವಿರುದ್ಧ ಹೇಳಿ? ಅಮೆರಿಕದ ಮಿಲ್ವಾಕಿ ಜರ್ನಲ್ ನೋಡಿ. 1937ರಲ್ಲೇ ಅದರ ಮುಖ್ಯಸ್ಥ ಹ್ಯಾರಿ ಗ್ರಾಂಟ್ ನೌಕರರಿಗೆ ಷೇರು ಸಿಗುವ ಹಾಗೆ ಟ್ರಸ್ಟ್ ಮಾಡಿದರು. 2003ರಲ್ಲಿ ಕಂಪನಿ ಷೇರುಪೇಟೆಗೆ ಹೋಗುವವರೆಗೂ ಅದು ನಡೆಯಿತು.

ರಾತ್ರಿಪಾಳಿ: ಅದೇ ಮಿಲ್ವಾಕಿ ಸುದ್ದಿಮನೆಯಲ್ಲಿ ಗಿಲ್ಡ್, ಅಂದರೆ ಪತ್ರಕರ್ತರ ಯೂನಿಯನ್ ಕೂಡ ಇತ್ತಲ್ಲ ಮಾರಾಯ್ರೆ. ಷೇರು ಇದ್ದವರಿಗೇ ಅದು ಬೇಕಾಗಿತ್ತು.

ಶಿಕಾಗೋ ಅಕ್ಕ: ಶಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಟ್ರಿಬ್ಯೂನ್ ಕಂಪನಿಯನ್ನು ಮರೆತುಬಿಟ್ಟಿರಾ? 2007ರಲ್ಲಿ ಉದ್ಯಮಿ ಸ್ಯಾಮ್ ಝೆಲ್ ಅದನ್ನು ನೌಕರರ ಹೆಸರಿಗೆ ಕೊಳ್ಳುವ 820 ಕೋಟಿ ಡಾಲರಿನ ವ್ಯವಹಾರ ಮಾಡಿದರು, ಅದರಲ್ಲಿ ಅವರ ಕೈಯಿಂದ ಬಂದದ್ದು 31.5 ಕೋಟಿ ಮಾತ್ರ, ಸಾಲದ ಹೊರೆ ಕಂಪನಿಯ ತಲೆಗೆ, ನೌಕರರು ಹೆಸರಿಗೆ ಮಾತ್ರ ಮಾಲೀಕರು. ಅವರನ್ನು ಯಾರೂ ಕೇಳಲಿಲ್ಲ. ಇಸಾಪ್ (ನೌಕರರಿಗೆ ಷೇರು ಕೊಡುವ ಯೋಜನೆ) ಅಂದರೆ ಹಾಗೇ, ಷೇರು ಟ್ರಸ್ಟಿನಲ್ಲಿರುತ್ತದೆ, ಸಹಿ ಹಾಕುವವರು ಟ್ರಸ್ಟಿ. 2008ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೇ ಗುಂಪಿನಲ್ಲಿದ್ದ ಲಾಸ್ ಏಂಜಲೀಸ್ ಟೈಮ್ಸ್ ಪತ್ರಕರ್ತರು 2018ರಲ್ಲಿ 248–44 ಮತಗಳಿಂದ ಯೂನಿಯನ್ ಆರಿಸಿಕೊಂಡರು.

ಮಲ್ನಾಡ್ ಮಾಣಿ: ಅದು ಝೆಲ್ ಮಾಡಿದ ಅನಾಹುತ. ನಿಜವಾದ ಸಹಕಾರಿಯಲ್ಲಿ ಒಬ್ಬರಿಗೊಂದು ಓಟು. ಜಾಹೀರಾತು ಕುಸಿದಾಗ ಯೂನಿಯನ್ ಹಟ ಹಿಡಿದರೆ ನಷ್ಟ ನಮಗೇ ಅಲ್ವಾ?

ರಾತ್ರಿಪಾಳಿ: ಕ್ವಿಬೆಕ್‌ನಲ್ಲಿ 2019ರಲ್ಲಿ ಆರು ಪತ್ರಿಕೆಗಳ ಗುಂಪು ಮುಳುಗಿದಾಗ ಅದನ್ನು ಸಹಕಾರಿ ಮಾಡಲು ಓಡಾಡಿದವರಲ್ಲಿ ಯೂನಿಯನ್ನಿನವರೂ ಇದ್ದರು. ಇನ್ನು ಓಟು ಅಂದಿರಲ್ಲ, ಅದು ಮಹಾಸಭೆಯ ದಿನಕ್ಕೆ. ಸಂಜೆ ಏಳಕ್ಕೆ ಯಾರೋ ನನ್ನ ವರದಿಯಿಂದ ಜಾಹೀರಾತುದಾರರ ಹೆಸರು ತೆಗೆದು ಪೇಜ್ ಕಳಿಸಿದರೆ ಆಗ ಏನು ಮಾಡಲಿ? ಅಮೆರಿಕದ ಎಷ್ಟೋ ಗಿಲ್ಡ್ ಒಪ್ಪಂದಗಳಲ್ಲಿ ವರದಿಗಾರರು ಬೇಡ ಅಂದರೆ ಅವರ ಬೈಲೈನ್, ಅಂದರೆ ವರದಿಯ ಮೇಲೆ ಅವರ ಹೆಸರು, ಹಾಕುವ ಹಾಗಿಲ್ಲ. ಕಾರಣ ಕೊಡದೆ ಕೆಲಸದಿಂದ ತೆಗೆದರೆ ಹೊರಗಿನ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಷೇರಿನ ಕಾಗದದಲ್ಲಿ ಇದೆಲ್ಲ ಎಲ್ಲಿದೆ?

ಮಲ್ನಾಡ್ ಮಾಣಿ: ಬೈಲೈನ್ ಮಾತು ಒಪ್ಪಿದೆ. ಆದರೆ ಸಂಪಾದಕರಿಗೂ ಷೇರಿದೆ, ಉಪಸಂಪಾದಕರಿಗೂ ಇದೆ. ಮಾತುಕತೆಗೆ ಕೂತಾಗ ಯಾರು ಯಾವ ಕಡೆ?

ಶಿಕಾಗೋ ಅಕ್ಕ: ಇಲ್ಲಿ ಅಮೆರಿಕದ ಕಾನೂನಿನಲ್ಲಿ ಅದಕ್ಕೆ ಉತ್ತರ ಇದೆ. ಕಾರ್ಮಿಕ ಕಾನೂನಿಗೆ 1947ರಲ್ಲಿ ಬಂದ ಟಾಫ್ಟ್-ಹಾರ್ಟ್ಲಿ ತಿದ್ದುಪಡಿ ಮೇಲ್ವಿಚಾರಕರನ್ನು ಯೂನಿಯನ್ ಹಕ್ಕಿನಿಂದ ಹೊರಗಿಟ್ಟಿತು. ಜನರನ್ನು ನೇಮಿಸುವ, ತೆಗೆಯುವ ಅಧಿಕಾರ ಇದ್ದವರು ಆಡಳಿತದ ಕಡೆ. ಸ್ವಲ್ಪ ಷೇರಿದೆ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆ ಕಡೆ ಹಾಕಲ್ಲ. ಜಗಳ ಬರುವುದು ಡೆಸ್ಕ್ ಮುಖ್ಯಸ್ಥರ ವಿಷಯದಲ್ಲಿ, ಪಾಳಿ ಪಟ್ಟಿ ಅವರೇ ಬರೆಯುತ್ತಾರೆ, ಸುದ್ದಿಯನ್ನೂ ಅವರೇ ತಿದ್ದುತ್ತಾರೆ. ಅಂಥವರನ್ನು ಒಬ್ಬೊಬ್ಬರನ್ನಾಗಿ ಕೂತು ನೋಡಬೇಕು.