ಕಣ್ಣು ಮಂಜಾದ ಡ್ರಾಯಿಂಗ್ ಮೇಷ್ಟ್ರಿಗೆ ಬೆಂಗಳೂರಿನಲ್ಲಿ ಮುಟ್ಟಿ ನೋಡುವಂಥ ಕಲೆ ಎಲ್ಲಿದೆ?

ತುಂಗೆಯ ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ಮುಂದಿನ ತಿಂಗಳು ಅಪ್ಪನನ್ನೂ ಐದನೇ ಕ್ಲಾಸಿನ ಮಗಳನ್ನೂ ಕರೆದುಕೊಂಡು ಎರಡು ದಿನದ ಮಟ್ಟಿಗೆ ಬೆಂಗಳೂರಿಗೆ ಬರುತ್ತಿದ್ದೇನೆ. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಗ್ಲಾಕೋಮಾ ಬಂದು ಅವರ ನೋಟ ಅಂಚಿನಿಂದ ಕಿರಿದಾಗುತ್ತಾ ಈಗ ನಟ್ಟ ನಡುವೆ ಸ್ವಲ್ಪ ಮಾತ್ರ ಉಳಿದಿದೆ. ಬೆಳಕು ಕಡಿಮೆಯಾದರೆ ಅದೂ ಇಲ್ಲ. ಚಿತ್ರ ಪ್ರದರ್ಶನ ಅಂದ ಕೂಡಲೇ “ನೀವು ಹೋಗಿ ಬನ್ನಿ, ನಾನು ಹೊರಗೆ ಕೂತಿರ್ತೀನಿ” ಅನ್ನುತ್ತಾರೆ. ಅವರನ್ನು ಹೊರಗೆ ಕೂರಿಸಿ ನಾವು ಒಳಗೆ ಹೋಗೋದು ನನಗೆ ಸಾಕಾಗಿದೆ.

ಮಗಳ ಗೆಳತಿ ಗೋಡೆ, ನೆಲ, ಸೂರಿನ ಮೇಲೆಲ್ಲ ವ್ಯಾನ್ ಗೋ ಚಿತ್ರ ಹರಿದಾಡುವ ಪ್ರದರ್ಶನ ನೋಡಿ ಬಂದಿದ್ದಾಳೆ. ಇವಳಿಗೂ ಅಂಥದ್ದೇ ಬೇಕಂತೆ. ಅಪ್ಪ ಮುಟ್ಟಿ, ಕೇಳಿ, ತಾವೇ ಏನಾದರೂ ಮಾಡಿ ಖುಷಿಪಡುವಂಥ ಜಾಗ ಇದೆಯಾ? ಮಗಳಿಗೂ ಬೇಜಾರಾಗಬಾರದು. ನಡೆಯುವುದಕ್ಕೆ ಅಪ್ಪನಿಗೆ ತೊಂದರೆಯಿಲ್ಲ. ಅವರಿಗೆ ಕಲಾವಿದ ಕೆ. ವೆಂಕಟಪ್ಪನವರೆಂದರೆ ಪ್ರಾಣ. ಅವರ ಊಟಿ ಜಲವರ್ಣಗಳ ಬಗ್ಗೆ ಈಗಲೂ ಗಂಟೆಗಟ್ಟಲೆ ಮಾತಾಡುತ್ತಾರೆ.

ಬೆಳ್ಳಂದೂರು ಬಾಲ್ಕನಿ

ಆ ಪ್ರೊಜೆಕ್ಟರ್ ಪ್ರದರ್ಶನಗಳು ಆಗಾಗ ದೊಡ್ಡ ಮಾಲ್‌ಗಳಿಗೆ ಬರುತ್ತಿರುತ್ತವೆ. ಚಿತ್ರ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತದಲ್ಲ, ನಿಮ್ಮ ತಂದೆಯವರಿಗೆ ಅನುಕೂಲವೇ ಆಗಬಹುದು. ನಾವು ಮನೆಯವರೆಲ್ಲ ಹೋಗಿದ್ದೆವು, ಮಕ್ಕಳು ನೆಲದ ಮೇಲೆ ಮಲಗಿಕೊಂಡೇ ನೋಡಿದರು.

ಜೇಡಿಮಣ್ಣು

ನಾನು ಮಕ್ಕಳಿಗೆ ಮಣ್ಣಿನ ಕೆಲಸ ಹೇಳಿಕೊಡುವವಳು. ಕಣ್ಣು ಕಾಣದ ಮಕ್ಕಳೂ ನನ್ನ ಹತ್ತಿರ ಕಲಿಯುತ್ತಾರೆ. ಅವರ ಜೊತೆ ಓಡಾಡಿ ತಿಳಿದದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಪ್ರೊಜೆಕ್ಟರ್ ಪ್ರದರ್ಶನಕ್ಕೆ ಮೇಷ್ಟ್ರು ಬೇಡ. ಅದು ನಡೆಯುವುದೇ ಕತ್ತಲೆಯಲ್ಲಿ. ಅಂಚಿನ ನೋಟ ಹೋದವರಿಗೆ ಚಿತ್ರ ದೊಡ್ಡದಾದಷ್ಟೂ ಕಷ್ಟ, ಒಂದು ಸಲಕ್ಕೆ ಅದರ ಮೂಲೆಯಷ್ಟೇ ಸಿಗುತ್ತದೆ. ಮೇಲಾಗಿ ಕಾಲಡಿಯ ನೆಲವೇ ಹರಿಯುತ್ತಿದ್ದರೆ ಹೆಜ್ಜೆ ಇಡುವುದು ಹೇಗೆ? ನನಗೆ ಇನ್ನೂ ಒಂದು ತಕರಾರಿದೆ. ವ್ಯಾನ್ ಗೋ ಬಣ್ಣವನ್ನು ಬೆರಳಿಗೆ ಸಿಗುವಷ್ಟು ದಪ್ಪ ಬಳಿಯುತ್ತಿದ್ದ ಕಲಾವಿದ. ಆ ಬಣ್ಣ ಬೆಳಕಾಗಿ ಗೋಡೆಗೆ ಬಿದ್ದಾಗ ಮೊದಲು ಕಳೆದುಹೋಗುವುದೇ ಆ ದಪ್ಪ. ಮೇಷ್ಟ್ರಿಗೆ ಬೇಕಾದದ್ದು ಅದು.

ನನ್ನ ಮೊದಲ ಆಯ್ಕೆ ಜೆ.ಪಿ. ನಗರ 7ನೇ ಹಂತದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂ. 2019ರಲ್ಲಿ ಶುರುವಾಯಿತು. ಅಲ್ಲಿನ ಸೌಂಡ್ ಗಾರ್ಡನ್ ಬಯಲಲ್ಲಿದೆ. ಹಂಪಿಯಲ್ಲಿ ವಿಜಯವಿಠ್ಠಲ ದೇವಸ್ಥಾನದ ನಾದ ಹೊಮ್ಮಿಸುವ ಕಂಬಗಳನ್ನು ಈಗ ಬಡಿಯುವಂತಿಲ್ಲ, ಬಡಿಯಬಾರದು ಕೂಡ. ಇಲ್ಲಿ ಮಾತ್ರ ಕಲ್ಲು, ಲೋಹಗಳನ್ನು ಬಂದವರು ಬಡಿದು ನುಡಿಸಲೆಂದೇ ನಿಲ್ಲಿಸಿದ್ದಾರೆ. ಮಗಳು ಒಂದೊಂದನ್ನೂ ಮುಟ್ಟಿ ಉದ್ದ ಗಿಡ್ಡ ಹೇಳಲಿ, ಅಜ್ಜ ಬಡಿಯುವ ಮೊದಲೇ ದನಿ ತಗ್ಗೋ ಏರೋ ಊಹಿಸಲಿ. ಒಂದೇ ಬಗೆಯವುಗಳಲ್ಲಿ ಉದ್ದ ಹೆಚ್ಚಿದಂತೆ ದನಿ ಇಳಿಯುತ್ತದೆ ಅನ್ನುವುದನ್ನು ಮಗು ಪಾಠವಿಲ್ಲದೇ ಕಲಿಯುತ್ತದೆ. ಬಡಿದ ಮೇಲೆ ಕಲ್ಲಿನ ಮೇಲೆ ಅಂಗೈ ಇಡಲು ಹೇಳಿ. ನಾದ ನಿಲ್ಲುವುದು ಕೈಗೇ ಗೊತ್ತಾಗುತ್ತದೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಬಿಸಿಲಿಗೆ ಲೋಹ ಸುಡುತ್ತದೆ.

ಒಳಗೆ ನೂರಕ್ಕೂ ಹೆಚ್ಚು ವಾದ್ಯಗಳಿವೆ. ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿಯೂ ಇದೆ, ಅದನ್ನು ಮುಟ್ಟುವಂತಿಲ್ಲ. ಆದರೆ ಕೇಳುವುದಕ್ಕೆ ಬೇಕಾದಷ್ಟಿದೆ. ಧ್ವನಿಮುದ್ರಣದ ಇತಿಹಾಸದ ವಿಭಾಗದಲ್ಲಿ ಅಪ್ಪನನ್ನು ನಿಧಾನವಾಗಿ ಕೂರಿಸಿ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗಾಗಿ ಹಾಡಿ, ಅದರ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದ ಗೌಹರ್ ಜಾನ್ ಗೊತ್ತಲ್ಲ? ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಮಗಳಿಗೆ ಈ ಕಥೆ ಮೊದಲೇ ಹೇಳಿ ಕರೆತನ್ನಿ. ಶಾಲಾ ಮಕ್ಕಳ ಗುಂಪು ಬರುವ ಹೊತ್ತು ಯಾವುದೆಂದು ವಿಚಾರಿಸಿಕೊಳ್ಳಿ. ಕಿವಿಯನ್ನೇ ನೆಚ್ಚಿದವರಿಗೆ ಗಲಾಟೆಯೂ ಒಂದು ಬಗೆಯ ಕತ್ತಲೆ.

ಎರಡನೆಯದು ಕಸ್ತೂರಬಾ ರಸ್ತೆಯ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. 2023ರ ಫೆಬ್ರುವರಿಯಲ್ಲಿ ತೆರೆಯಿತು. ಕಣ್ಣು ಕಾಣದವರು ಬರುತ್ತಾರೆ ಎಂದು ಮೊದಲೇ ಯೋಚಿಸಿ ಕೆಲಸ ಮಾಡಿದವರು ಇವರು. ಕೆಲವು ಕಲಾಕೃತಿಗಳನ್ನು ಉಬ್ಬುರೂಪದಲ್ಲಿ ಮಾಡಿ ಮುಟ್ಟಲು ಇಡುತ್ತಾರೆ, ಬ್ರೈಲ್ ವಿವರಣೆ ಇರುತ್ತದೆ. ಪ್ರದರ್ಶನ ಬದಲಾದಂತೆ ಇವೂ ಬದಲಾಗುತ್ತವೆ, ಆದ್ದರಿಂದ ಹೊರಡುವ ಮೊದಲು ಫೋನ್ ಮಾಡಿ.

ಮುಟ್ಟುವ ಕ್ರಮ ಹೇಳಿಕೊಡದಿದ್ದರೆ ಬಹಳ ಜನ ಎರಡು ನಿಮಿಷಕ್ಕೆ ಕೈ ತೆಗೆದುಬಿಡುತ್ತಾರೆ. ಕಣ್ಣು ಇಡೀ ಚಿತ್ರವನ್ನು ಒಂದೇ ಸಲ ಹಿಡಿಯುತ್ತದೆ, ಕೈಗೆ ಅದು ತುಂಡು ತುಂಡಾಗಿ ಬರುತ್ತದೆ, ಕೂಡಿಸುವ ಕೆಲಸ ತಲೆಯದು. ಎರಡೂ ಅಂಗೈ ಬಳಸಲಿ. ಮೊದಲು ಚೌಕಟ್ಟಿನ ನಾಲ್ಕೂ ಅಂಚು, ಆಮೇಲೆ ದೊಡ್ಡ ಆಕಾರಗಳು, ಕೊನೆಗೆ ಬೆರಳ ತುದಿಯಲ್ಲಿ ಮುಖ, ಬಟ್ಟೆಯ ನೆರಿಗೆ, ಇಂಥವು. ಒಂದು ಕೈ ಒಂದು ಕಡೆ ನಿಂತಿರಲಿ, ಇನ್ನೊಂದು ಅಲ್ಲಿಂದ ಹೊರಟು ಅಲ್ಲಿಗೇ ಬರಲಿ. ಪಕ್ಕದಲ್ಲಿರುವವರು “ಇದು ಮೂಗು, ಇದು ಮರ” ಎಂದು ಹೇಳಿಬಿಡಬಾರದು. ಮೇಷ್ಟ್ರು ಕೇಳಿದಾಗ ಮಾತ್ರ ಹೇಳಿ. ಇಷ್ಟು ವರ್ಷ ಚಿತ್ರ ಕಲಿಸಿದ ಕೈಗೆ ಅನುಪಾತ ಮರೆತಿರುವುದಿಲ್ಲ. ನೀವು ಎಣಿಸಿದ್ದಕ್ಕಿಂತ ಹೆಚ್ಚನ್ನು ಅವರೇ ನಿಮಗೆ ತೋರಿಸುತ್ತಾರೆ ಅಂತ ನನ್ನ ನಂಬಿಕೆ.

ಮಗಳಿಗೆ ಇನ್ನೊಂದು ವಿಷಯ: ಮ್ಯಾಪ್‌ನವರು ಎಂ.ಎಫ್. ಹುಸೇನರ ಡಿಜಿಟಲ್ ರೂಪ ಮಾಡಿಸಿದ್ದಾರೆ, ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತದೆ. ನನಗೆ ಅಷ್ಟು ಹಿಡಿಸಲಿಲ್ಲ, ತೀರಿಕೊಂಡ ಕಲಾವಿದನ ಬಾಯಲ್ಲಿ ನಾವು ಮಾತು ತುಂಬುವುದು ನನಗೆ ಒಗ್ಗುವುದಿಲ್ಲ. ಮಕ್ಕಳು ಮಾತ್ರ ಬಿಟ್ಟು ಕದಲುವುದಿಲ್ಲ.

ಕ್ಯಾತಸಂದ್ರ

ಮ್ಯಾಪ್ ಹತ್ತಿರವೇ ವಿಶ್ವೇಶ್ವರಯ್ಯ ಮ್ಯೂಸಿಯಂ. 1962ರದ್ದು. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡುವ ಮಾದರಿಗಳು, ರೈಟ್ ಸಹೋದರರ ವಿಮಾನದ ಪ್ರತಿಕೃತಿ. ಕಲೆ ಅಂತ ಅಲ್ಲದಿದ್ದರೂ ಹುಡುಗಿಗೆ ಇಷ್ಟ ಆಗುತ್ತೆ. ರಜೆ ದಿನ ಮಾತ್ರ ಕಾಲಿಡಲು ಜಾಗ ಇರಲ್ಲ.

ಧಾರವಾಡದ ಪೇಢಾ

ಅಕ್ಕಾರು ಹೇಳಿದ್ದೆಲ್ಲಾ ಖರೇ ಐತ್ರಿ. ನಾನು ಒಂದು ಸೇರಿಸ್ತೀನಿ. ಬಳ್ಳಾರಿ ರಸ್ತೆದಾಗ, ಹೆಬ್ಬಾಳದ ಕಡೆ ಹೋಗೂ ದಾರ್ಯಾಗ ಸೈನ್ಸ್ ಗ್ಯಾಲರಿ ಬೆಂಗಳೂರು ಅಂತ ಐತಿ. ಡಬ್ಲಿನ್ ಊರಿನ ಟ್ರಿನಿಟಿ ಕಾಲೇಜಿನಾಗ ಹುಟ್ಟಿದ ಸೈನ್ಸ್ ಗ್ಯಾಲರಿ ಬಳಗಕ್ಕ ಸೇರಿದ್ದು, ನಮ್ಮ ಸರಕಾರದ ಬೆಂಬಲನೂ ಐತಿ. ಟಿಕೆಟ್ ಇಲ್ರಿ. 2024ರ ಜನವರಿಯೊಳಗ ಈಗಿನ ಕಟ್ಟಡದಾಗ ‘ಕಾರ್ಬನ್’ ಅನ್ನೂ ಪ್ರದರ್ಶನದಿಂದ ಶುರು ಮಾಡಿದ್ರು. ಕಾಯಂ ಸಂಗ್ರಹ ಅಂತ ಏನೂ ಇಲ್ಲ, ಒಂದು ವಿಷಯ ಹಿಡಕೊಂಡು ವಿಜ್ಞಾನಿಗಳು ಕಲಾವಿದರು ಕೂಡಿ ಕೆಲಸ ಮಾಡ್ತಾರ, ಅದು ಮುಗದ ಮ್ಯಾಲೆ ಇನ್ನೊಂದು.

ನನಗ ಅಲ್ಲಿ ಭಾಳ ಸೇರಿದ್ದು ಮೀಡಿಯೇಟರ್ ಹುಡುಗ ಹುಡುಗ್ಯಾರು. ಕಲಾಕೃತಿ ಮುಂದ ನಿಂತು ನಮ್ಮ ಜೋಡಿ ಮಾತಿಗೆ ಕುಂದ್ರತಾರ. ನಿಮ್ಮ ತಂದೆಯವರಿಗೆ ಕಾಣೂದಿಲ್ಲ ಅಂತ ಹೇಳ್ರಿ, ಅವರು ವರ್ಣನೆ ಮಾಡಿ ಹೇಳ್ತಾರ. ಕನ್ನಡ ಬರೋರನ್ನ ಕೇಳಿ ಕರಕೋರಿ.

ಚಾಮುಂಡಿ ಬೆಟ್ಟದ ತಪ್ಪಲು

ಮ್ಯೂಸಿಯಂ, ಗ್ಯಾಲರಿಗಳ ಮಾತೇ ಆಯ್ತು. ನಮ್ಮ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಕೂರಿಸಿದ್ದರು. 2019ರಲ್ಲಿ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದಲ್ಲಿ ಒಬ್ಬ ನಟನನ್ನು ನಡೆಸಿ ಚಂದ್ರನ ನೆಲದಂತೆ ವಿಡಿಯೋ ಮಾಡಿದರು. ನಾಗರಿಕರು, ಪಾಲಿಕೆ ಎಲ್ಲರೂ ಉತ್ತರ ಕೊಡಲೇಬೇಕಾದ ಕಲೆ ಅದು. ಈಗ ಹೋಗಿ ನೋಡುವುದಕ್ಕೆ ಉಳಿದಿಲ್ಲ, ನಿಜ. ಆದರೂ ಹುಡುಗಿಗೆ ಆ ವಿಡಿಯೋ ತೋರಿಸಿ.

ತುಂಗೆಯ ದಡ

ಎಲ್ಲರಿಗೂ ತುಂಬಾ ಧನ್ಯವಾದ. ಜೇಡಿಮಣ್ಣು ಮೇಡಂ, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. “ಬ್ರೈಲ್ ನನಗೆ ಬರಲ್ಲ, ಪರವಾಗಿಲ್ವಾ ಕೇಳು” ಅಂದರು. ಇನ್ನೂ ಒಂದು: ವೆಂಕಟಪ್ಪ ಗ್ಯಾಲರಿ ಮ್ಯಾಪ್‌ನ ಹತ್ತಿರದಲ್ಲೇ ಇದೆಯಲ್ಲ, ಅಲ್ಲಿ ಏನಾದರೂ ಮುಟ್ಟಲು ಬಿಡುತ್ತಾರಾ?

ಜೇಡಿಮಣ್ಣು

ಬ್ರೈಲ್ ಬರದಿದ್ದರೆ ಏನೂ ತೊಂದರೆಯಿಲ್ಲ. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಲ್ಲಿ ಬಹಳ ಜನಕ್ಕೆ ಬರುವುದಿಲ್ಲ. ಉಬ್ಬುಚಿತ್ರ ಓದಲು ಅದು ಬೇಕಿಲ್ಲ, ವಿವರಣೆಯನ್ನು ಮೊಮ್ಮಗಳು ಓದಲಿ.

ವೆಂಕಟಪ್ಪನವರ ಕೃತಿಗಳನ್ನು ಮುಟ್ಟಲು ಆಗದು. ಅವರ ಪ್ಲಾಸ್ಟರ್ ಉಬ್ಬುಶಿಲ್ಪಗಳ ಮುಂದೆ ನಿಂತಾಗಲೆಲ್ಲ ನನ್ನ ಕೈ ತಡೆಯುವುದಿಲ್ಲ, ಆದರೂ ಮೂಲಕೃತಿ ಉಳಿಯಬೇಕಲ್ಲ. ಅಂಥವುಗಳ ಅಚ್ಚು ತೆಗೆದು ಒಂದೊಂದು ಪ್ರತಿಯನ್ನು ಮುಟ್ಟಲು ಇಟ್ಟರೆ ಎಷ್ಟು ಚೆನ್ನ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತು ಬಂದು, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದ ಮನುಷ್ಯ ಅವರು. ಬಣ್ಣ, ಪ್ಲಾಸ್ಟರ್, ತಂತಿ ಮೂರನ್ನೂ ಒಂದೇ ಕೈ ಬಲ್ಲದು. ಗ್ಯಾಲರಿ ತೆರೆದಿದೆಯೇ ವಿಚಾರಿಸಿ. ತೆರೆದಿದ್ದರೆ ಅಪ್ಪ ಉಳಿದ ನೋಟದಲ್ಲೇ ಒಂದೆರಡು ಜಲವರ್ಣ ನೋಡಲಿ. ಅವು ಚಿಕ್ಕ ಅಳತೆಯವು, ಕಿರಿದಾದ ನೋಟಕ್ಕೆ ಗೋಡೆಯಗಲದ ಚಿತ್ರಕ್ಕಿಂತ ಅವೇ ಚೆನ್ನಾಗಿ ಒದಗುತ್ತವೆ.

ಒಂದು ದಿನ ಕಸ್ತೂರಬಾ ರಸ್ತೆ ಮಾತ್ರ ಇಟ್ಟುಕೊಳ್ಳಿ. ಮೆಟ್ರೋ ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಿರಿ, ಆ ಫುಟ್‌ಪಾತ್ ಅವರಿಗೆ ಬೇಡ. ಇನ್ನೊಂದು ದಿನ ಬೆಳಿಗ್ಗೆ ಸಂಗೀತ ಮ್ಯೂಸಿಯಂ, ಹಸಿರು ಮಾರ್ಗದಲ್ಲಿ ಯಲಚೇನಹಳ್ಳಿಗೆ ಬಂದರೆ ಅಲ್ಲಿಂದ ಆಟೋ. ಸೈನ್ಸ್ ಗ್ಯಾಲರಿ ಊರಿನ ಇನ್ನೊಂದು ತುದಿ, ಅದೇ ದಿನಕ್ಕೆ ಸೇರಿಸಬೇಡಿ. ಸೋಮವಾರ ಬರಬೇಡಿ, ಮ್ಯಾಪ್ ಮತ್ತು ಸಂಗೀತ ಮ್ಯೂಸಿಯಂ ಎರಡಕ್ಕೂ ಅಂದು ರಜೆ. ಮ್ಯಾಪ್‌ಗೆ ಫೋನ್ ಮಾಡಿದಾಗ “ಈಗ ಮುಟ್ಟಲು ಯಾವ ಯಾವ ಕೃತಿ ಇಟ್ಟಿದ್ದೀರಿ, ಜೊತೆಗೆ ನಿಂತು ಕನ್ನಡದಲ್ಲಿ ಹೇಳುವವರು ಯಾರಾದರೂ ಸಿಗುತ್ತಾರಾ” ಎಂದೇ ಕೇಳಿ. ಸುಮ್ಮನೆ “ವ್ಯವಸ್ಥೆ ಇದೆಯಾ” ಎಂದು ಕೇಳಿದರೆ ಲಿಫ್ಟ್, ವೀಲ್‌ಚೇರ್ ಇದೆ ಎಂದು ಹೇಳಿ ಇಟ್ಟುಬಿಡುತ್ತಾರೆ.