ಸಹಾಯ ಬೇಕು: ಮುತ್ಯಾನ ರೈಫಲ್‌ಗೆ ಹಳೇ ಸ್ಕೋಪ್ ಹೊಂದಿಸೋದು ಹೇಗೆ?

ಎಲ್ಲರಿಗೂ ಶರಣು. ನಮ್ಮದು ಕಲಬುರಗಿ. ಮುತ್ಯಾನ ಕಾಲದ .315 ರೈಫಲ್ ಈಗ ನನ್ನ ಲೈಸೆನ್ಸ್ ಮೇಲಿದೆ. ಇಶಾಪುರ ಕಾರ್ಖಾನೆಯದು, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ಮಾತ್ರ ಹಳೇ ಮಿಲಿಟರಿ ಲೀ-ಎನ್‌ಫೀಲ್ಡ್ ನಮೂನೆಯದೇ. ಸ್ಕೋಪೂ (ಗುರಿ ನೋಡುವ ದುರ್ಬೀನು) ಆಗಿನದೇ.

ರೇಂಜ್‌ನಲ್ಲಿ ಬೋಲ್ಟ್ ತೆಗೆದು, ನಳಿಗೆಯೊಳಗಿಂದ ಗುರಿಹಲಗೆ ನೋಡಿ ಸ್ಕೋಪ್ ಹೊಂದಿಸಿದೆ. ಆದರೂ 50 ಮೀಟರ್‌ಗೆ ಗುಂಡು ಗೇಣುದ್ದ ಕೆಳಗೆ ಬೀಳುತ್ತಿದೆ. ಮೂರೂ ಬಿದ್ದದ್ದು ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲೇ. ಅಂದ್ರೆ ನಳಿಗೆ ಚೆನ್ನಾಗೇ ಇದೆ, ಅಲ್ವಾ? ಸ್ಕೋಪಿನ ಮೇಲಿನ, ಎತ್ತರ ಹೊಂದಿಸುವ ತಿರುಪು ಕೊನೆ ಮುಟ್ಟಿದೆ. ಈ ಹಳೇ ಸ್ಕೋಪಿನಲ್ಲಿ ತಿರುಪು ತಿರುಗಿಸಿದಂತೆ ಕಣ್ಣೆದುರಿನ ಗೆರೆಗಳೇ ಜಾರುತ್ತವೆ. ಈಗ ಅವು ನಡುವೆ ಇಲ್ಲ, ಗಾಜಿನ ಕೆಳಗಿನ ಅಂಚಿಗೆ ಬಂದು ಕೂತಿವೆ.

ಸ್ಕೋಪ್ ಹಿಡಿದಿರುವ ಹಿಂದಿನ ರಿಂಗ್ ಕೆಳಗೆ ತೆಳ್ಳನೆ ಹಿತ್ತಾಳೆ ತಗಡು ಇಟ್ಟರೆ ಗುಂಡು ಮೇಲೇರುತ್ತದೆ, ಅಷ್ಟು ಗೊತ್ತು. ಆದರೆ ಎಷ್ಟು ದಪ್ಪದ್ದು ಇಡಬೇಕು? ರಿಂಗ್ ಬಿಗಿ ಮಾಡುವಾಗ ಸ್ಕೋಪಿನ ಕೊಳವೆ ಬಾಗಿಬಿಟ್ಟರೆ ಅಂತ ಭಯ. ಒಬ್ಬ ರಿಪೇರಿಯವರು ಹೊಸ ತೂತು ಕೊರೆಯೋಣ ಅಂದರು. ಮನಸ್ಸು ಒಪ್ಪಲಿಲ್ಲ. ಮುತ್ಯಾ ಕೆನ್ನೆ ಇಡುತ್ತಿದ್ದ ಕಡೆ ಕಟ್ಟಿಗೆ ಇನ್ನೂ ನುಣ್ಣಗೆ ಹೊಳೆಯುತ್ತದೆ. ಅಂಥ ರೈಫಲ್ ಹೆಂಗ ಕೊರಸೋದು?

ಕಲಬುರಗಿ, ಬೀದರ್ ಕಡೆ ಲೈಸೆನ್ಸ್ ಇರುವ ಒಳ್ಳೆ ಕೈಯ ಗನ್‌ಸ್ಮಿತ್ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸ್ರಿ.