1983ರ ವಿಧಾನಸಭೆ: ಕಾಂಗ್ರೆಸ್‌ಗೆ ಮತ ಜಾಸ್ತಿ, ಸೀಟು ಕಮ್ಮಿ ಆಗಿದ್ದು ಹೇಗೆ?

ಶಾಲ್ಮಲಾ ದಂಡೆ (ಶಿರಸಿ):
ಕಾಲೇಜಿನ ಚರ್ಚಾಕೂಟಕ್ಕೆ ಟಿಪ್ಪಣಿ ಮಾಡ್ತಾ ಇದ್ದೇನೆ. ರಾಜ್ಯದಲ್ಲಿ ಕಾಂಗ್ರೆಸ್ಸಿನ ಹಿಡಿತ ತಪ್ಪಿದ್ದು, ಸಿದ್ದಾಪುರದ ದೊಡ್ಮನೆ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಆಗಿದ್ದು ಎಲ್ಲರಿಗೂ ಗೊತ್ತು. ಆದರೆ ಅಂಕಿ ನೋಡಿ: ಕಾಂಗ್ರೆಸ್ ಶೇ 40.4, ಸೀಟು 82. ಜನತಾ ಪಕ್ಷ ಶೇ 33, ಸೀಟು 95. ಮುದ್ರಣದೋಷವಾ? ಮತ್ತೆ 95 ಇಟ್ಕೊಂಡು, ಅದೂ ಶಾಸಕರೇ ಅಲ್ಲದವರು ಸರ್ಕಾರ ಮಾಡಿದ್ದು ಹೇಗೆ?

ಕಾಳಿ ಸೇತುವೆ (ಕಾರವಾರ):
ಅಂಕಿ ಸರಿಯೇ ಇದೆ. 1978ರದ್ದು ಪಕ್ಕಕ್ಕಿಟ್ಟು ನೋಡಿ. ಇಂದಿರಾ ಕಾಂಗ್ರೆಸ್‌ಗೆ ಆಗ ಶೇ 44ರ ಮೇಲೆ, ಸೀಟು 149. ಮತ ಇಳಿದದ್ದು ನಾಲ್ಕೇ ಪರ್ಸೆಂಟ್, ಸೀಟು ಹೋದದ್ದು 67! ಕಾಂಗ್ರೆಸ್ ಮತ ರಾಜ್ಯದ ತುಂಬ ಹರಡಿತ್ತು, ಹಾಗಾಗಿ ಸುಮಾರು ಕಡೆ ಎರಡನೇ ಸ್ಥಾನಕ್ಕೆ ನಿಂತಿತು. ಎದುರು ಮತ ಒಂದೊಂದು ಕ್ಷೇತ್ರದಲ್ಲಿ ಗೆಲ್ಲುವ ಒಬ್ಬನ ಹಿಂದೆ ಕೂಡಿತು. ಬಂಗಾರಪ್ಪನವರ ಕ್ರಾಂತಿರಂಗ ಪಕ್ಷ ಜನತಾ ಜೊತೆ ಬಂದದ್ದು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಸಿಟ್ಟಿಗೆ ಕಾರಣ ಬೇಕಾದಷ್ಟಿತ್ತು: 1980ರ ನರಗುಂದ-ನವಲಗುಂದ ರೈತರ ಮೇಲಿನ ಗೋಲಿಬಾರ್, 1982ರ ಗೋಕಾಕ್ ಚಳವಳಿ. ಮುಖ್ಯಮಂತ್ರಿ ಗುಂಡೂರಾವ್ ಸೋಮವಾರಪೇಟೆಯಲ್ಲಿ ಸ್ವತಃ ಸೋತರು. 2018ರಲ್ಲೂ ಮತದಲ್ಲಿ ಕಾಂಗ್ರೆಸ್ಸೇ ಮುಂದು, ಸೀಟಲ್ಲಿ ಬಿಜೆಪಿ.

ಅಘನಾಶಿನಿ (ಕುಮಟಾ):
ಸರ್ಕಾರದ ಲೆಕ್ಕ: ಒಟ್ಟು 224, ಬಹುಮತಕ್ಕೆ 113. ಜನತಾ 95 + ಬಿಜೆಪಿ 18 = 113. ಆದರೆ ಸ್ಪೀಕರ್ ಆದವರು ಸಮಸಮ ಬಂದಾಗ ಮಾತ್ರ ಮತ ಹಾಕೋದು, ಅಲ್ಲಿಗೆ ಒಂದು ಕಡಿಮೆ. ಸಿಪಿಐ 3, ಸಿಪಿಎಂ 3 ಹೊರಗಿನಿಂದ ಕೈ ಹಿಡಿದ ಮೇಲೇ ಉಸಿರಾಡುವ ಹಾಗಾದದ್ದು. ಪಕ್ಷೇತರರು 22 ಮಂದಿ ಬೇರೆ, ಪಕ್ಷಾಂತರ ನಿಷೇಧ ಬಂದದ್ದು 1985ರಲ್ಲಿ. ಹಾಗಾಗಿ ದಿನಾ ತಲೆ ಎಣಿಸುವ ಪರಿಸ್ಥಿತಿ.

ಹೆಗಡೆಯವರು ಆಗ ರಾಜ್ಯಸಭೆಯಲ್ಲಿದ್ದರು. ಪ್ರಮಾಣವಚನ ಜನವರಿ 10. ಶಾಸಕರಲ್ಲದವರು ಮಂತ್ರಿಯಾದರೆ ಆರಿಸಿ ಬರಲು ಸಂವಿಧಾನದ 164(4)ನೇ ವಿಧಿಯಲ್ಲಿ ಆರು ತಿಂಗಳ ಅವಕಾಶ ಇದೆ. ಪಿ.ಜಿ.ಆರ್. ಸಿಂಧ್ಯಾ ಕನಕಪುರ ಬಿಟ್ಟುಕೊಟ್ಟರು, ಅಲ್ಲಿಯ ಉಪಚುನಾವಣೆಯಲ್ಲಿ ಹೆಗಡೆ ಗೆದ್ದು ಬಂದರು. ‘ಊರಿನ ಶಿರಸಿ ಬಿಟ್ಟು ಅಲ್ಲಿಗೆ ಯಾಕೆ’ ಅಂತ ಕೇಳುವವರಿಗೆ: ಶಿರಸಿ ಆಗ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ ಮಾರಾಯ್ರೇ.

ಬೇಡ್ತಿ (ಯಲ್ಲಾಪುರ):
ಟಿಪ್ಪಣಿಯಲ್ಲಿ ‘ಮೊದಲ ಕಾಂಗ್ರೆಸ್ಸೇತರ’ ಅಂತ ಬರೆಯುವಾಗ ಒಂದು ಅಡಿಟಿಪ್ಪಣಿ ಹಾಕಿ. 1969ರಲ್ಲಿ ಪಕ್ಷ ಒಡೆದ ಮೇಲೆ 1971ರ ತನಕ ಇದ್ದ ವೀರೇಂದ್ರ ಪಾಟೀಲರ ಸರ್ಕಾರ ಸಂಸ್ಥಾ ಕಾಂಗ್ರೆಸ್ಸಿನದು, ಅಂದರೆ ಇಂದಿರಾ ವಿರೋಧಿ ಬಣದ್ದು. ಕೆಣಕುವವರು ಅದನ್ನೇ ಹಿಡಿಯೋದು.

ಚುನಾವಣಾ ಆಯೋಗದ ಅಂಕಿಅಂಶ ವರದಿ ತೆಗೆದು ಪಕ್ಷವಾರು ಕೋಷ್ಟಕದಲ್ಲಿ ಕೊನೆಯ ಕಾಲಂ ನೋಡಿ, ಸ್ಪರ್ಧಿಸಿದ ಕ್ಷೇತ್ರಗಳಲ್ಲಿ ಮಾತ್ರ ಬಂದ ಶೇಕಡಾವಾರು ಅಲ್ಲಿದೆ. ಜನತಾ ಎಲ್ಲ 224ರಲ್ಲೂ ನಿಂತಿರಲಿಲ್ಲ, ಬಿಜೆಪಿಯಂತೂ ಇಲ್ಲವೇ ಇಲ್ಲ. ರಾಜ್ಯದ ಸರಾಸರಿ ಇಟ್ಟುಕೊಂಡರೆ ಇವೆರಡೂ ಇದ್ದದ್ದಕ್ಕಿಂತ ಸಣ್ಣದಾಗಿ ಕಾಣುತ್ತವೆ. ನಮ್ಮ ಜಿಲ್ಲೆಯನ್ನು ಇವತ್ತಿಗೆ ಹೋಲಿಸುವುದಾದರೆ ಹುಷಾರು: ಆಗಲೂ ಆರು, ಈಗಲೂ ಆರು ಕ್ಷೇತ್ರ, ಆದರೆ 2008ರಲ್ಲಿ ಅಂಕೋಲಾ ಹೋಗಿ ಯಲ್ಲಾಪುರ ಬಂತು, ಗಡಿಗಳೂ ಬದಲಾದವು. ಹಳಿಯಾಳ ಹೆಸರಲ್ಲೇನೋ ಹಾಗೇ ಇದೆ. ಆರ್.ವಿ. ದೇಶಪಾಂಡೆ ಅಲ್ಲಿ ಮೊದಲು ಗೆದ್ದದ್ದು 1983ರಲ್ಲೇ, ಜನತಾ ಟಿಕೆಟಲ್ಲಿ.

ಶಾಲ್ಮಲಾ ದಂಡೆ:
ಉಪಕಾರ ಆಯ್ತು. 1985ರದ್ದೂ ಸೇರಿಸಲಾ?

ಕಾಳಿ ಸೇತುವೆ:
ಸೇರಿಸಲೇಬೇಕು. 1984ರ ಲೋಕಸಭೆಯಲ್ಲಿ ಕಾಂಗ್ರೆಸ್ 28ರಲ್ಲಿ 24 ಬಾಚಿತು, ಹೆಗಡೆ ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರು. ಮಾರ್ಚ್ 1985: ಜನತಾ 139. ಕಾಂಗ್ರೆಸ್ಸಿನ ಮತ ಶೇ 40.8, ಅಂದರೆ 1983ಕ್ಕಿಂತ ತುಸು ಜಾಸ್ತಿಯೇ. ಸೀಟು 65.